ಗಂಡಸರ ಲೆಕ್ಕ

ಮೇ 3, ಸಂಜೆ

ಇವತ್ತೂ ಅಪ್ಪ-ಮಗ ಹೊಡೆದಾಡಿಕೊಂಡಿದ್ದಾರೆ. ಕಾರ್ಖಾನೆಯಿಂದ ಬಂದು ಬಾಗಿಲು ತಟ್ಟಿದರೆ ತೆಗೆದವನು ಮಗ ಜೋವಾ. ತುಟಿ ಒಡೆದಿದೆ. ಒಳಗೆ ಕುರ್ಚಿ ಒಂದು ಕಡೆ, ಅದರ ಕಾಲು ಇನ್ನೊಂದು ಕಡೆ. ಪಾಶ್ಕ ಗೋಡೆಗೆ ಮುಖ ಮಾಡಿ ಮಲಗಿದ್ದ. ಏನು ಕಾರಣ ಎಂದರೆ ಟಿವಿ ರಿಮೋಟು. ಥೂ.

ಬೈಯುವಷ್ಟೂ ತ್ರಾಣ ಇರಲಿಲ್ಲ. ಇಟಲಿಯವರ ಬೂಟು ಹೊಲಿದು ಹೊಲಿದು ಬೆರಳು ಸೆಟೆದುಕೊಂಡಿವೆ. ನನ್ನ ಗಂಡ, ನನ್ನ ಮಗ ಹೊಸಿಲು ದಾಟದೆ ಎರಡು ವರ್ಷವಾಯಿತು. ಮೈದುನ ತೋಮ ಬಿಲಿಯರ್ಡ್ಸ್ ಅಂಗಡಿ ಮುಂದೆ ಕುಡಿದ ಮತ್ತಿನಲ್ಲಿ ಮರಾಶ್‌ನ ಮಗ ಆಂತೋನ್‌ಗೆ ಗುಂಡು ಹೊಡೆದ. ಹೊಡೆದು ಗ್ರೀಸಿಗೋ ಜರ್ಮನಿಗೋ ಓಡಿಹೋದ. ಪ್ರಾಣಕ್ಕೆ ಪ್ರಾಣ ನಮ್ಮ ಮನೆಯಿಂದ ಹೋಗಬೇಕು. ಹುಡುಗರನ್ನೂ ಹೆಂಗಸರನ್ನೂ ಮುಟ್ಟುವುದಿಲ್ಲ, ಅದು ಕಟ್ಟಳೆ. ಆದರೂ ಹೆದರಿ ಜೋವಾನನ್ನು ನಾನೇ ಒಳಗಿಟ್ಟಿದ್ದೇನೆ. ಹಾಗಾಗಿ ದುಡಿಯುವವಳು ನಾನು, ಹೊತ್ತು ತರುವವಳು ನಾನು. ತೋಮ ಕೈಗೆ ಸಿಕ್ಕರೆ ಮರಾಶ್‌ಗಿಂತ ಮೊದಲು ನಾನೇ ಅವನ ಕತ್ತು ಹಿಸುಕುತ್ತೇನೆ.

ಮೇ 4

ಬಂದಿದೆ! ಅಮೆರಿಕಕ್ಕೆ ಹೋಗಿ ನೆಲೆಸುವ ವೀಸಾದ ಲಾಟರಿಯಲ್ಲಿ ನನ್ನ ಹೆಸರು ಬಂದಿದೆ. ಸ್ಟೇಷನರಿ ಅಂಗಡಿಯ ಕಂಪ್ಯೂಟರಿನಲ್ಲಿ ಮತ್ತೆ ಮತ್ತೆ ನೋಡಿದೆ. ಅಂಗಡಿಯವನೇ ಸಾಕು ಹೋಗಮ್ಮ ಅಂದ. ಅಕ್ಟೋಬರಿನಲ್ಲಿ ತುಂಬಿದ ಅರ್ಜಿ. ನಾನು, ಗಂಡ, ಮಗ. ಅವರಿಬ್ಬರ ಫೋಟೊ ಮನೆಯಲ್ಲೇ, ಬಿಳಿ ಹಾಸಿಗೆ ಬಟ್ಟೆ ಕಟ್ಟಿ ತೆಗೆದದ್ದು.

ಪಾಶ್ಕ ಕೇಳಿ ನಕ್ಕ. ಕೆಮ್ಮು ಬರುವ ತನಕ ನಕ್ಕ.

"ಹೊಸಿಲು ದಾಟಕ್ಕಾಗದವ್ನಿಗೆ ಸಮುದ್ರ ದಾಟೋ ಚೀಟಿ ತಂದವ್ಳೆ ನನ್ನ ಹೆಂಡ್ತಿ! ಶಭಾಷ್ ಕಣೆ ದಿಲಾ!"

ಆಮೇಲೆ ಗೋಡೆಗೆ ತಲೆ ಚಚ್ಚಿಕೊಂಡ. ಜೋವಾ ಹಿಡಿದುಕೊಂಡು ನಿಲ್ಲಿಸಿದ. ನಿನ್ನೆ ಬಡಿದ ಅಪ್ಪನನ್ನೇ ಇವತ್ತು ತಬ್ಬಿಕೊಂಡಿದ್ದ.

"ಯಾವೂರಮ್ಮ?" ಅಂತ ಕೇಳಿದ.

"ಯಾವುದಾದ್ರೂ ಆಗ್ಲಿ. ಮರಾಶ್ ಇಲ್ಲದ ಊರು."

ಸೆಪ್ಟೆಂಬರ್ 21, ಬೆಳಿಗ್ಗೆ

ಗುಂಡು. ಜೋವಾ ಕಿಟಕಿಯ ಹಲಗೆ ಚೂರು ಸರಿಸಿ ಬೀದಿ ನೋಡುತ್ತಿದ್ದನಂತೆ. ಗಾಜು ಪುಡಿ, ಎದುರು ಗೋಡೆಯ ಗಾರೆ ಪುಡಿ. ಅವನ ಕಿವಿಯ ಮೇಲ್ತುದಿ ಹರಿದಿದೆ. ಅಡುಗೆಮನೆಯ ಕತ್ತರಿಯಲ್ಲೇ ನೇತಾಡುತ್ತಿದ್ದ ತೊಗಲು ಕತ್ತರಿಸಿದೆ, ರಾಕಿ ಸಾರಾಯಿ ಸುರಿದು ತೊಳೆದೆ. 

ಬೀದಿಗೆ ಹೋಗಿ ಬಾಯಿಗೆ ಬಂದ ಹಾಗೆ ಬೈದೆ. "ಕಣ್ಣು ಕುರುಡಾ ನಿಮಗೆ? ಗಂಡನಿಗೂ ಮಗನಿಗೂ ವ್ಯತ್ಯಾಸ ಕಾಣಲ್ವಾ?" ಒಂದು ನರಪಿಳ್ಳೆಯೂ ಹೊರಗೆ ಬರಲಿಲ್ಲ. ಹುಡುಗನನ್ನು ಪಾಶ್ಕ ಅಂದುಕೊಂಡು ಹೊಡೆದಿರಬೇಕು. ಈಚೆಗೆ ಹುಡುಗ ಅಪ್ಪನಷ್ಟೇ ಎತ್ತರ ಇದ್ದಾನಲ್ಲ, ಅದಕ್ಕೆ.

ಜನವರಿ 17

ದಿನ ಗೊತ್ತಾಯಿತು. ಮಾರ್ಚ್ 13, ಗುರುವಾರ, ರಾಜಧಾನಿ ತಿರಾನಾ, ಅಮೆರಿಕದ ರಾಯಭಾರ ಕಚೇರಿ. ಅದಕ್ಕೆ ಮೊದಲು ಅಲ್ಲೇ ವೈದ್ಯರ ತಪಾಸಣೆ. ಮೂವರೂ ಖುದ್ದು ಬರಬೇಕು.

ಬೆಸಾ ಕೇಳಲೇಬೇಕು. ಅಷ್ಟು ದಿನ ಬಂದೂಕು ಎತ್ತುವುದಿಲ್ಲ ಎಂದು ಮರಾಶ್ ಭಾಷೆ ಕೊಟ್ಟರೆ ಸಾಕು. ಕೊಟ್ಟರೆ ಮುರಿಯುವವನಲ್ಲ ಮುದುಕ. ಎರಡೂ ಮನೆಗೆ ಬೇಕಾದ ದೋದಾ ಮಾವನನ್ನು ಕರೆಸಿದೆ. ಇಂಥ ರಾಜಿ ಮಾತಾಡಿ ಮಾತಾಡಿಯೇ ಅವರ ಮೀಸೆ ಬೆಳ್ಳಗಾದದ್ದು.

"ಎಷ್ಟು ದಿನ ಕೇಳ್ಲಿ?"

"ಆ ವಾರದ ಸೋಮವಾರ ಹೊತ್ತು ಹುಟ್ಟಿದಾಗಿಂದ ಗುರುವಾರ ಮುಳುಗೋಗಂಟ."

"ಯಾರಿಗೆ?"

"ಇದೇನು ಮಾವ ಹಿಂಗ್ ಕೇಳ್ತೀರಿ! ನನ್ನ ಗಂಡನಿಗೆ."

ಫೆಬ್ರವರಿ 9

ಕೊಟ್ಟಿದ್ದಾನೆ! ಮರಾಶ್ ಎದೆ ಮೇಲೆ ಕೈಯಿಟ್ಟು ಭಾಷೆ ಕೊಟ್ಟನಂತೆ. ಪಾಶ್ಕ ಕೇಳಿದವನೇ ಎದ್ದುಹೋಗಿ ಮೊಟ್ಟೆ ಇಡುವ ಕೋಳಿಯನ್ನೇ ಹಿಡಿದು ಕತ್ತು ಕುಯ್ದ. ನಾಲ್ಕು ದಿನ ಆಕಾಶ ನೋಡುತ್ತೇನಲ್ಲ, ಹಾಳಾಗಿ ಹೋಗಲಿ ಕೋಳಿ, ಅಂದ. ಕುಡಿದು ಹಾಡಿದ. ನಾನೂ ಎರಡು ಲೋಟ ರಾಕಿ ಹಾಕಿದೆ. ಸಂತೋಷ. ಬೇರೆ ಪದ ಗೊತ್ತಿಲ್ಲ, ಬರೀ ಸಂತೋಷ.

ಮಾರ್ಚ್ 5, ಮಧ್ಯಾಹ್ನ

ದೋದಾ ಮಾವ ಬಂದರು. ಕೂರಲಿಲ್ಲ. ಕಾಫಿ ಇಟ್ಟೆ, ಮುಟ್ಟಲಿಲ್ಲ. 

"ದಿಲಾ, ಮೂರು ಜನಾನೂ ಹೋಗ್ತೀವಿ ಅಂತ ಕಾರ್ಖಾನೆಲಿ ಹೇಳ್ಕೊಂಡ್ಯಾ?"

"ಹೇಳಿದ್ರೇನಾಯ್ತು?"

"ಅದು ಮರಾಶ್ ಕಿವಿಗೆ ಬಿತ್ತು. ನಾನು ಒಬ್ಬನಿಗೆ ಭಾಷೆ ಕೊಟ್ಟೆ, ಆ ಮನೇಲಿ ಗಂಡಸರು ಇಬ್ಬರವ್ರೆ, ಅಂದ."

"ಅವನು ಹುಡುಗ, ಮಾವ!"

"ಆಂತೋನ್ ಸತ್ತಾಗ ಹುಡುಗ. ಈಗ ಬಂದೂಕು ಎತ್ತೋ ತೋಳು ಬಂದೈತೆ. ಅವರು ಎಣಿಸಿ ಆಯ್ತು. ಆವತ್ತು ಕಿಟಕಿಗೆ ಹೊಡೆದಿದ್ದು ಗುರಿ ತಪ್ಪಿತ್ತೇ ಹೊರತು ಆಳು ತಪ್ಪಿರಲಿಲ್ಲ ಕಣಮ್ಮ."

ಇನ್ನೊಂದು ಸಲ ಕೇಳಿ ಅಂತ ಅವರ ಕೋಟು ಹಿಡಿದು ಜಗ್ಗಿದೆ. ಕೇಳಿಯೇ ಬಂದೆ, ಕೊಟ್ಟ ಮಾತು ಹಿಗ್ಗಿಸಕ್ಕೆ ಅದೇನು ರಬ್ಬರಾ ಅಂದ, ಅಂದರು. ಹೋದರು.

ನನ್ನ ಬಾಯಿಗೆ ಬೆಂಕಿ ಬೀಳಲಿ. ಇಬ್ಬರಿಗೂ ಅಂತ ಒಂದು ಮಾತು ಸೇರಿಸಿದ್ದರೆ... ನನಗೇ ಹೊಳೆಯಲಿಲ್ಲ. ಮಗನನ್ನು ಯಾವ ತಾಯಿ ಗಂಡಸು ಅಂತ ಎಣಿಸುತ್ತಾಳೆ?

ಮಾರ್ಚ್ 6

ಆ ಮನೆಗೇ ಹೋದೆ. ಸತ್ತವನ ತಾಯಿ ಲೂಲಕ್ಕ ಅಂಗಳದಲ್ಲಿ ಹುರುಳಿಕಾಯಿ ಬಿಡಿಸುತ್ತಿದ್ದಳು. ತಲೆಯಿಂದ ಕಾಲಿನ ತನಕ ಕಪ್ಪು. ಅವಳ ಕಾಲು ಹಿಡಿದೆ. ಹೌದು, ಹಿಡಿದೆ.

"ಅಕ್ಕಾ, ನೀನೂ ಹೆತ್ತವಳು."

"ಹೆತ್ತವಳು. ಮಣ್ಣು ಮಾಡ್ದವಳೂ ನಾನೇ. ಆವತ್ತು ಎಲ್ಲಿದ್ದೆ ನೀನು? ಒಂದು ಹನಿ ಅತ್ತ್ಯಾ?"

"ನನ್ನ ಮಗ ಏನು ಮಾಡ್ದ?"

"ನನ್ನ ಮಗ ಏನು ಮಾಡಿದ್ದ? ಬಿಲಿಯರ್ಡ್ಸ್ ಆಡಿದ್ದ!"

ಕೆನ್ನೆಗೆ ಬಾರಿಸಿದಳು. ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ. ಅವಳ ತಲೆವಸ್ತ್ರ ಹಿಡಿದು ಎಳೆದೆ, ಇಬ್ಬರೂ ನೆಲಕ್ಕೆ ಬಿದ್ದೆವು. ಅವಳು ನನ್ನ ತೋಳು ಕಚ್ಚಿದಳು, ನಾನು ಅವಳ ಕೂದಲು ಕಿತ್ತೆ. ಮಣ್ಣಿನಲ್ಲಿ ಹೊರಳಾಡಿ ಸುಸ್ತಾಗಿ ಅಲ್ಲೇ ಕೂತೆವು. ಆಮೇಲೆ ಅವಳು ಅತ್ತಳು. ನಾನೂ.

"ಇಬ್ರೂ ಬೇಡ ಕಣೆ ನಮಗೆ," ಅಂದಳು. "ಒಬ್ಬ ಸಾಕು. ಯಾರಾದ್ರೂ ಸರಿ. ಅಲ್ಲಿಗೆ ಮುಗೀತು. ನನಗೂ ಸಾಕಾಗೈತೆ."

ಮನೆಗೆ ಬಂದಾಗ ರವಿಕೆ ಹರಿದಿತ್ತು, ತೋಳಲ್ಲಿ ರಕ್ತ. ಪಾಶ್ಕ ಏನಾಯಿತು ಅಂದ. ಉರಿಯುತ್ತಿದ್ದೆ. ಹೇಳಿಬಿಟ್ಟೆ. "ಒಬ್ಬ ಸಾಕಂತೆ! ಯಾರಾದ್ರೂ ಸರಿಯಂತೆ!" ಅವನ ಮುಖಕ್ಕೇ ಎಸೆದ ಹಾಗೆ ಹೇಳಿದೆ. ಅವನು ತಟ್ಟೆ ಮುಂದೆ ತಳ್ಳಿದ. ಸೊಪ್ಪು ತುಂಬಿ ಸುಟ್ಟ ಬ್ಯುರೆಕ್ ಇನ್ನೊಂದು ತುಂಡು ಹಾಕು ಅಂದ.

ಮಾರ್ಚ್ 8, ಶನಿವಾರ

ಸತ್ತ. ಪಾಶ್ಕ ಸತ್ತ.

ಕಾರ್ಖಾನೆಯಲ್ಲಿ ಅರ್ಧ ದಿನ. ಹೆಂಗಸರ ದಿನ ಅಂತ ಎಲ್ಲರಿಗೂ ಒಂದೊಂದು ಗೊಂಚಲು ಹಳದಿ ಮಿಮೋಸಾ ಹೂವು ಕೊಟ್ಟರು. ಅದನ್ನು ಹಿಡಿದುಕೊಂಡೇ ಬಂದೆ. ಬಾಗಿಲು ಹಾರುಹೊಡೆದಿತ್ತು. ಜೋವಾ ನೆಲದ ಮೇಲೆ ಬಿದ್ದಿದ್ದ, ದವಡೆ ಊದಿತ್ತು.

ಬೆಳಿಗ್ಗೆ ಗಡ್ಡ ಬೋಳಿಸಿಕೊಂಡನಂತೆ. ಇಸ್ತ್ರಿ ಅಂಗಿ ಹಾಕಿಕೊಂಡನಂತೆ. ಎಲ್ಲಿಗೆ ಅಪ್ಪ ಅಂತ ಹುಡುಗ ಅಡ್ಡ ನಿಂತ. ಅಪ್ಪ ಅವನ ದವಡೆಗೆ ಗುದ್ದಿ ಕೆಡವಿದ, ಬಿದ್ದವನ ಹಣೆಗೆ ಮುತ್ತು ಕೊಟ್ಟ, ಹೋದ.

ಬಿಲಿಯರ್ಡ್ಸ್ ಅಂಗಡಿಯ ಮುಂದೆ, ಆಂತೋನ್ ಬಿದ್ದ ಜಾಗದಲ್ಲೇ ಹೋಗಿ ನಿಂತನಂತೆ. ಕೈ ಖಾಲಿ. ಕಾದನಂತೆ. ಜನ ಅಂಗಡಿ ಬಾಗಿಲು ಎಳೆದುಕೊಂಡರಂತೆ, ಒಬ್ಬನೂ ಮನೆಗೆ ಹೋಗೋ ಅನ್ನಲಿಲ್ಲವಂತೆ. ಮರಾಶ್‌ನ ಕಿರಿಮಗ ಬಂದ. ಎದೆಗೆ ಒಂದು, ಬಾಯಿಗೆ ಒಂದು. ಆಮೇಲೆ ಕೊಂದವನೇ ಅವನನ್ನು ಅಂಗಾತ ಮಲಗಿಸಿ, ಕೈಕಾಲು ನೆಟ್ಟಗೆ ಮಾಡಿ, ನಮ್ಮ ಮನೆಗೆ ಹೇಳಿಕಳಿಸಿದ. ಮರ್ಯಾದೆಯಂತೆ! ಮರ್ಯಾದೆ!

ಹಲ್ಲುಗಳನ್ನು ಅವನ ಬಾಯಿಯಿಂದ ಆರಿಸಿ ತೆಗೆದವಳು ನಾನು. ಒಂದೊಂದಾಗಿ.

ಸೋಮವಾರದವರೆಗೆ ಕಾಯಲಿಲ್ಲ. ಸೋಮವಾರವಾದರೆ ಭಾಷೆ ಇತ್ತು, ಅವರು ಅವನನ್ನು ಕೊಲ್ಲುತ್ತಿರಲಿಲ್ಲ. ಅದಕ್ಕೇ ಇವತ್ತು ಹೋದ.

ನಾನು ಯಾಕೆ ಹೇಳಿದೆ ಅವನಿಗೆ.

ಮಾರ್ಚ್ 9, ಭಾನುವಾರ, ಮಧ್ಯಾಹ್ನ ಮೂರೂವರೆ

ಬೆಳಿಗ್ಗೆ ಮಣ್ಣು ಮಾಡಿದೆವು. ಮರಾಶ್ ತನ್ನ ಕಡೆಯವರ ಜೊತೆ ಊಟಕ್ಕೆ ಬಂದ. ಅದೂ ಕಟ್ಟಳೆ. ನನ್ನ ಮನೆಯ ರೊಟ್ಟಿ ಮುರಿದು ತಿಂದ. ಎದ್ದು ಜೋವಾನ ಹೆಗಲ ಮೇಲೆ ಕೈಯಿಟ್ಟ.

"ಲೆಕ್ಕ ಸಮ ಆಯ್ತಪ್ಪ. ಇವತ್ತಿಂದ ಬೀದಿಲಿ ತಲೆ ಎತ್ಕೊಂಡು ಓಡಾಡು. ಈ ಮನೆಗೆ ಗಂಡಸು ಅಂದ್ರೆ ಇನ್ನು ನೀನೇ."

ಜೋವಾ ಕೈ ಕುಲುಕಿದ. ದೊಡ್ಡವರ ಹಾಗೆ. ಒಂದು ಹನಿ ಕಣ್ಣೀರಿಲ್ಲ. 

ಎಲ್ಲರೂ ಹೋದ ಮೇಲೆ ಬಟ್ಟೆ ತುಂಬಿ ಚೀಲ ಹೊರಗಿಟ್ಟೆ. ತಿರಾನಾಕ್ಕೆ ವ್ಯಾನು ಐದಕ್ಕೆ ಬರುತ್ತದೆ. ಒಳಗೆ ಬಂದರೆ ಹುಡುಗ ನೆಲದ ಹಲಗೆ ಎತ್ತಿದ್ದಾನೆ. ಸರ್ಕಾರ ಕುಸಿದ ಗಲಾಟೆಯ ವರ್ಷ ಊರಿಗೆ ಊರೇ ಸೈನ್ಯದ ಉಗ್ರಾಣದಿಂದ ಲೂಟಿ ಹೊಡೆದು ತಂದ ಬಂದೂಕುಗಳಲ್ಲಿ ನಮ್ಮದೂ ಒಂದು. ತೊಡೆ ಮೇಲಿಟ್ಟು ಎಣ್ಣೆ ಹಾಕಿ ಒರೆಸುತ್ತಿದ್ದ.

"ಎದ್ದೇಳೋ. ಹೊರಡು."

"ನೀನು ಹೋಗಮ್ಮ. ನಂಗೆ ಕೆಲ್ಸ ಐತೆ."

"ಏನೋ ಕೆಲ್ಸ?"

"ಅವರ ಕಿರಿಮಗ ಸಂಜೆ ಹೊತ್ತು ಕಾಫಿ ಅಂಗಡಿಲಿ ಕೂರ್ತಾನೆ."

"ಲೆಕ್ಕ ಮುಗೀತಲ್ಲೋ! ಕೈ ಕುಲುಕ್ದಲ್ಲೋ!"

"ಅವರ ಲೆಕ್ಕ ಮುಗೀತು."

ಒಲೆಯ ಪಕ್ಕದ ಸಲಾಕೆ ತೆಗೆದು ಅವನ ಮಣಿಕಟ್ಟಿಗೆ ಹೊಡೆದೆ. ಇನ್ನೊಂದು. ಮೂಳೆ ಮುರಿದರೂ ಸರಿ, ಅಮೆರಿಕದಲ್ಲಿ ಕಟ್ಟು ಹಾಕಿಸುತ್ತೇನೆ. ಅವನು ಕೂಗಿ ಬಾಗಿದ. ಬಂದೂಕು ಕಿತ್ತುಕೊಂಡು ಹೊರಗೆ ಓಡಿ ಚಿಲಕ ಹಾಕಿದೆ, ಬೀಗ ಜಡಿದೆ. ಆವತ್ತು ಗುಂಡು ಬಿದ್ದ ಮೇಲೆ ಕಿಟಕಿ ಹಲಗೆಗಳಿಗೆಲ್ಲ ಮೊಳೆ ಹೊಡೆದಿದೆ.

ಈಗ ಮೆಟ್ಟಿಲ ಮೇಲೆ ಕೂತಿದ್ದೇನೆ. ಬಂದೂಕು ಕಾಲಡಿ. ಅವನು ಒಳಗಿಂದ ಬಾಗಿಲು ಗುದ್ದುತ್ತಿದ್ದಾನೆ. ನನ್ನನ್ನು ಏನೇನೋ ಕರೆಯುತ್ತಿದ್ದಾನೆ, ಅವನ ಅಪ್ಪನೂ ಕರೆಯದ ಹೆಸರುಗಳು. ಕರೆಯಲಿ. ಬರೆಯುತ್ತಿರದಿದ್ದರೆ ನಾನೇ ಎದ್ದುಹೋಗಿ ತೆಗೆದುಬಿಡುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ. ದೋದಾ ಮಾವ ಇಬ್ಬರು ಗಟ್ಟಿ ಆಳುಗಳ ಜೊತೆ ಬರುತ್ತೇನೆಂದು ಫೋನಿನಲ್ಲಿ ಹೇಳಿದ್ದಾರೆ. ಕೈಕಾಲು ಕಟ್ಟಿ ವ್ಯಾನಿಗೆ ಎತ್ತಿಹಾಕಿಸುತ್ತೇನೆ. ಅಮೆರಿಕ ಮುಟ್ಟಿದ ಮೇಲೆ ಜನ್ಮವೆಲ್ಲ ನನ್ನ ಮುಖ ನೋಡದಿದ್ದರೂ ಚಿಂತೆಯಿಲ್ಲ. ಬದುಕಿದ್ದು ನೋಡದಿರಲಿ.

ನಾಲ್ಕೂವರೆ

ಗುದ್ದುವುದು ನಿಂತಿದೆ. ಅಳುತ್ತಿದ್ದಾನೇನೋ. ಅತ್ತರೆ ಒಳ್ಳೆಯದು, ಅಪ್ಪನಿಗೆ ಇನ್ನೂ ಅತ್ತಿಲ್ಲ.

ಜೋವಾ ಅಂತ ಕರೆದೆ.  ಇನ್ನೊಮ್ಮೆ ಕರೆದೆ.

ಮೇಲಿಂದ ಒಂದು ಹೆಂಚು ಜಾರಿ ಅಂಗಳಕ್ಕೆ ಬಿತ್ತು. ಬೆಕ್ಕೇನೋ. ಇನ್ನೊಂದು ಬಿತ್ತು. ಅಲ್ಲ, ಬೆಕ್ಕಲ್ಲ. ಮಾಡಿನ ಮೇಲೆ ಎದ್ದು ನಿಂತಿದ್ದಾನೆ, ಕೈಯಲ್ಲಿ ಅಡುಗೆಮನೆಯ ಚೂರಿ, ಕಾಫಿ ಅಂಗಡಿಯ ಕಡೆ ಹಾರಲು—