ಗಿಳಿಗಿಂತ ಮೊದಲೇ ನಕ್ಕ ಭಾವ

ಜೂನ್ ೧೪, ಭಾನುವಾರ

ಭಾವನ ನಗು ಇನ್ನೂ ತಲೆ ಕೊರೆಯುತ್ತಿದೆ.

ಸಂಜೆ ಅಕ್ಕನ ಮನೆಗೆ ಹೋದಾಗ, ಕಾಲೇಜಿನಲ್ಲಿ ಸಿನಿಮಾ ಪಾಠ ಮಾಡುವ ಈ ಮಹಾಶಯರು ಟಿವಿ ಮುಂದೆ ಕಾಲು ಚಾಚಿ ಕೂತಿದ್ದರು. ಓಡುತ್ತಿದ್ದದ್ದು, ಕೋರ್ಟಿನಲ್ಲಿ ಗಿಳಿಯನ್ನು ಸಾಕ್ಷಿಗೆ ನಿಲ್ಲಿಸುವ ಒಂದು ಹಳೇ ಸಿನಿಮಾ. ನನ್ನನ್ನು ಕಂಡದ್ದೇ ತಡ, ರಿಮೋಟಿಗೆ ಕೈ ಹಾಕಿದರು.

"ಸುಮ್ನೆ ಚಾನೆಲ್ ತಿರುಗಿಸ್ತಿದ್ದೆ, ಸಿಕ್ತು. ಎಂಥಾ ಕಸ ಅಂತೀಯ! ಇದೊಂಥರಾ ಗಿಲ್ಟಿ ಪ್ಲೆಷರ್."

"ಇಷ್ಟ ಆದ್ರೆ ಇಷ್ಟ ಅನ್ನಿ ಭಾವ. ನಾನಂತೂ ಇಂಥದ್ದನ್ನ ಮೂಸಿಯೂ ನೋಡಲ್ಲ."

"ಇಷ್ಟಾನಾ? ಪೂರ್ತಿ ನೋಡಿದೋನೂ ಅಲ್ಲ ನಾನು."

ಪಕ್ಕದಲ್ಲೇ ಅಕ್ಕ ಮೂಗು ಸೀಟಿಕೊಂಡು ಅಳುತ್ತಿದ್ದಳು. ಅವಳಿಗೆ ಯಾವ ಗಿಲ್ಟೂ ಇಲ್ಲ. ಗಿಲ್ಟು ಸಿನಿಮಾದೊಳಗೆ ಎಲ್ಲಿರುತ್ತದೆ? ಯಾರಾದರೂ ನೋಡಿಬಿಟ್ಟಾರು ಎಂಬ ಭಯದಲ್ಲಿರುತ್ತದೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತದಂತೆ. ಓದಿದ ಬೆಕ್ಕು ಹಾಲೂ ಕುಡಿಯುತ್ತದೆ, ಹುಳಿಯಾಗಿದೆ ಎಂದು ಮುಖವನ್ನೂ ಸಿಂಡರಿಸುತ್ತದೆ. ಥೂ.

ಅಷ್ಟರಲ್ಲಿ ಜಡ್ಜ್ ಗಿಳಿಯ ಕಡೆ ತಿರುಗಿದರು. ಗಿಳಿ ಕೊಕ್ಕು ತೆರೆಯುವ ಮೊದಲೇ ಭಾವ ಹೊಟ್ಟೆ ಹಿಡಿದುಕೊಂಡು ನಕ್ಕರು. ಸಿಕ್ಕಿಬಿದ್ದರಲ್ಲ! ಪೂರ್ತಿ ನೋಡದವರಿಗೆ ಮುಂದಿನ ಮಾತು ಹೇಗೆ ಗೊತ್ತು?

"ಏನ್ ಭಾವ, ಮಾವನೇ ಕೊಂದಿದ್ದು ಅಂತ ಗಿಳಿ ಇನ್ನೂ ಹೇಳೇ ಇಲ್ಲ, ಆಗ್ಲೇ ನಗ್ತಿದೀರಲ್ಲ!"

"ಮಾವನೇ ಕೊಂದಿದ್ದು!" ಎಂದಿತು ಗಿಳಿ.

ಅಕ್ಕ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದಳು. "ಅಲ್ಲ ಕಣೇ, ನಿನಗೆ ಹೇಗೆ ಗೊತ್ತಾಯ್ತು?"

ಏನೋ ತೊದಲಿ ಎದ್ದು ಬಂದೆ. ಬುಧವಾರ ಮತ್ತೆ ಹಾಕುತ್ತಾರಂತೆ. ಹಾಕಲಿ, ನಾನೇನು ಅದಕ್ಕೆಂದೇ ಬೇಗ ಮನೆಗೆ ಬಂದು ಕೂರುವವಳಲ್ಲ. ಸಂಜೆ ಆರಕ್ಕೆ ಸರಿಯಾಗಿ ಶುರುವಂತೆ.