ಖಣದಲ್ಲಿ ಸುತ್ತಿ ಬಂದ ಕೂದಲು

ಪುಣೆ,
೧೨ ಡಿಸೆಂಬರ್ ೧೯೫೪

ತಾಯಿಗೆ ಸಮಾನಳಾದ ಮಥುರಕ್ಕನಿಗೆ ತಮ್ಮ ಅನಂತನ ನಮಸ್ಕಾರಗಳು.

ನಾನಿಲ್ಲಿ ಕ್ಷೇಮ. ದೀಪಾವಳಿಗೆ ಬಾಗಲಕೋಟೆಗೆ ಬಂದು ಹೋದವನು ಮುಟ್ಟಿದ ಸುದ್ದಿಯನ್ನೂ ಬರೆಯಲಿಲ್ಲ, ಕ್ಷಮಿಸು. ನಿನ್ನ ಶ್ರಾವಣದ ಕಾಗದ ನನಗೆ ಮುಟ್ಟಲಿಲ್ಲವೆಂದು ಟಪಾಲಿನವರನ್ನು ಇನ್ನೂ ಬಯ್ಯುತ್ತಿದ್ದೀಯಂತೆ. ನಿನ್ನ ಮಗಳು ತುಳಸಿ ಬರೆದಿದ್ದಾಳೆ.

ನನ್ನ ಪ್ರಬಂಧ ಅಚ್ಚಿಗೆ ಹೋಯಿತು. ಕೂದಲೆಂದರೆ ಪ್ರೋಟೀನು. ಅದರೊಳಗಿನ ಎಳೆ ಸುರುಳಿ ಸುತ್ತಿಕೊಂಡಿರುತ್ತದೆ; ಒದ್ದೆ ಮಾಡಿ ಜಗ್ಗಿದರೆ ಬಿಚ್ಚಿಕೊಳ್ಳುತ್ತದೆ, ಬಿಟ್ಟರೆ ಮತ್ತೆ ಸುತ್ತಿಕೊಳ್ಳುತ್ತದೆ. ಹಬೆಯಲ್ಲಿ ಬಹಳ ಹೊತ್ತು ಜಗ್ಗಿ ಹಿಡಿದರೆ ಮಾತ್ರ ತಿರುಗಿ ಬರುವುದಿಲ್ಲ. ಇದನ್ನು ಎಕ್ಸ್-ರೇ ಚಿತ್ರದಲ್ಲಿ ತೋರಿಸುವುದೇ ಐದು ವರ್ಷದಿಂದ ನನ್ನ ಉದ್ಯೋಗ. ಅದಕ್ಕೇ ಆಷಾಢದಲ್ಲಿ ಉದ್ದನೆಯ ಕೂದಲು ಕಳಿಸೆಂದು ಕೇಳಿದ್ದೆ.

ಭಾದ್ರಪದದಲ್ಲಿ ನಿನ್ನ ಪಾರ್ಸೆಲ್ ಬಂತು. ಗುಳೇದಗುಡ್ಡದ ಕುಪ್ಪಸದ ಖಣದಲ್ಲಿ ಸುತ್ತಿತ್ತು, ಚೀಟಿ ಇರಲಿಲ್ಲ. ಬಾಚುವಾಗ ಉದುರಿದ್ದನ್ನು ಕೂಡಿಟ್ಟು ಕಟ್ಟಿದ, ಜಡೆಗೆ ಸೇರಿಸುವ ಚವರಿ ಎಂದುಕೊಂಡೆ. ಆದರೆ ಕೂಡಿಟ್ಟ ಕೂದಲಲ್ಲಿ ಬುಡ ತುದಿ ಕಲೆತಿರುತ್ತವೆ. ಇದರಲ್ಲಿ, ಸೂಕ್ಷ್ಮದರ್ಶಕದಡಿ ನೋಡಿದರೆ, ಎಲ್ಲ ಎಳೆಗಳ ಮೈಮೇಲಿನ, ಮೀನಿನದರಂಥ ಹುರುಪೆಯೂ ಒಂದೇ ದಿಕ್ಕಿಗಿತ್ತು. ಒಂದೇ ತಲೆಯಿಂದ ಒಂದೇ ಸಲ ತೆಗೆದದ್ದು. ತುಳಸಿಯ ಗಂಡ ತೀರಿದ್ದು ನಿನ್ನ ತಂತಿಯಿಂದ ತಿಳಿದಿತ್ತು. ಅವಳ ತಲೆ ಬೋಳಿಸಿದ್ದು ತಿಳಿದದ್ದು ಹೀಗೆ. ಆ ದಿನ ಊಟ ಸೇರಲಿಲ್ಲ. ಮರುದಿನ ಕೆಲಸ ಮುಂದುವರಿಸಿದೆ. ಚಿತ್ರಗಳು ಚೆನ್ನಾಗಿ ಬಂದವು.

ದೀಪಾವಳಿಗೆ ಬಂದಾಗ ನೀನು ಒಳಗೆ ಚಹಾ ಕಾಸುತ್ತಿದ್ದಿ. ತುಳಸಿ ಬಾಗಿಲಲ್ಲಿ ನಿಂತು ಕೇಳಿದಳು, “ನನ್ನ ಕೂದಲಾ ಕೆಲಸಕ್ಕ ಬಂತೇನ್ರಿ ಮಾಮಾ?”

ಬಂತೆಂದೆ.

“ಹಂಗಾರ ಘಟಪ್ರಭಾ ಹೊಳಿಗೆ ಬಿಡೂಕಿಂತ ಚಲೋ ಆತು.” ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಒಳಗೆ ಹೋದಳು. ಇಪ್ಪತ್ತು ವರ್ಷದ ಹುಡುಗಿ.

ಅವಳನ್ನು ಇಲ್ಲಿಗೆ ಕಳಿಸು. ಮೆಟ್ರಿಕ್ಕಿಗೆ ಕೂಡಿಸುತ್ತೇನೆ. ಬೀಗರು ಏನಾದರೂ ಅಂದರೆ ನನಗೆ ಬರೆಯಲು ಹೇಳು, ಉತ್ತರ ನಾನು ಕೊಡುತ್ತೇನೆ.

ಚಿ. ತುಳಸಿಗೆ ಅನೇಕ ಆಶೀರ್ವಾದಗಳು. ಗಂಡನಿಲ್ಲದವರ ಹೆಸರಿನ ಮುಂದೆ ‘ಗಂ. ಭಾ.’, ಗಂಗಾ ಭಾಗೀರಥಿ, ಎಂದು ಬರೆಯುವ ರೂಢಿ ನನಗೂ ಗೊತ್ತು. ಬರೆಯಲು ಕೈ ಏಳಲಿಲ್ಲ.

ನಿನ್ನ ತಮ್ಮ,
ಅನಂತ

ತಾ.ಕ.: ಟಪಾಲಿನವರನ್ನು ಬಯ್ಯಬೇಡ. ನಿನ್ನ ಕಾಗದ ತುಳಸಿಯ ಗಂಡ ತೀರಿದ ಆರನೆಯ ದಿನವೇ ಮುಟ್ಟಿತ್ತು. “ಹತ್ತನೇ ದಿನಾ ಬೋಳಸ್ತಾರಂತ. ತವರಿನ ಗಂಡಸು ಅಂದ್ರ ನೀ ಒಬ್ಬನ. ನೀ ಬಂದು ಬ್ಯಾಡ ಅಂದ್ರ ಬೀಗರು ಕೇಳ್ತಾರ” ಎಂದು ಬರೆದಿದ್ದಿ. ಪುಣೆಯಿಂದ ಬಾಗಲಕೋಟೆಗೆ ಒಂದು ದಿನದ ದಾರಿ. ಆ ವಾರ ಎಕ್ಸ್-ರೇ ಯಂತ್ರದ ನನ್ನ ಸರದಿ ಶುರುವಾಗುವುದಿತ್ತು. ತಪ್ಪಿದರೆ ಮತ್ತೆ ಮೂರು ತಿಂಗಳು ಕಾಯಬೇಕು. ಕಾಗದವನ್ನು ಪ್ರಯೋಗದ ವಹಿಯೊಳಗಿಟ್ಟು ಯಂತ್ರ ಹಚ್ಚಿದೆ.