ರಿವಾಲ್ವರಿನ ಮೇಲಿನ 1316

7 ಅಕ್ಟೋಬರ್ 1934, ಸೇಡಂ. ಬೆಳಿಗ್ಗೆ

ಪೂಜೆ ಮುಗಿಸಿ ಆಲ್ಜೀಬ್ರಾ ಹಿಡಿದಿದ್ದೆ. ರಜೆ ಮುಗಿದ ಕೂಡಲೇ ಟೆಸ್ಟ್. ಮೂರನೇ ಲೆಕ್ಕಕ್ಕೇ ನಾಗೇಂದ್ರಪ್ಪ ಕಾಕಾ ಕರೆದರು. ಜೋಳದ ಚೀಲದೊಳಗೆ ಕೈ ಹಾಕಿ ತೆಗೆದದ್ದು — ರಿವಾಲ್ವರ್. ನಿಜವಾದದ್ದು. ಹಿಂದೆ ಸರಿದೆ. ಕಾಕಾ ನೋಡಿದರು.

ಚಿತ್ತಾಪುರದ ಅಮೀರ್ಬೀ ಮಾರುತ್ತಾಳಂತೆ. ಗಂಡ ಇಲ್ಲ. ಮಗಳ ನಿಕಾಹ್ ಶಹಾಬಾದಿನಲ್ಲಿ ಗೊತ್ತಾಗಿದೆ. ಇದು ತನ್ನ ಮಾವನಿಗೆ ಯಾರೋ ಸಾಹೇಬ ಕೊಟ್ಟದ್ದು ಎನ್ನುತ್ತಾಳೆ. ಮಾವ ತೀರಿಕೊಂಡದ್ದು 1903ರಲ್ಲಿ, ಪ್ಲೇಗಿಗೆ. ಮಹಾನವಮಿಯ ಪೂಜೆಗೆ ಇಡಲು ಕಾಕಾಗೆ ಒಂದು ಆಯುಧ ಬೇಕು; ಅಜ್ಜನ ಕತ್ತಿಯನ್ನು ತುಕ್ಕು ತಿಂದಿದೆ. ಆದರೆ ಹೋದ ವರ್ಷ ವಾಡಿಯ ಒಂದು ಬಂಗ್ಲೆಯಿಂದ ರಿವಾಲ್ವರ್ ಕಳುವಾಗಿತ್ತು, ತೋಟಾ, ಅಂದರೆ ಕಾರ್ಟ್ರಿಜ್, ಡಬ್ಬಿ ಸಮೇತ. ಇದು ಅದೇ ಆಗಿದ್ದರೆ?

"ಬಸವಂತ, ನೀ ಇಂಗ್ಲಿಷ್ ಕಲ್ತಾಂವ. ಯಾವ ಕಾಲದ್ದು ಹೇಳು. ನೀ ಹಳೇದಂದ್ರ ತಗೋತೀನಿ, ಇಲ್ಲಂದ್ರ ಇಲ್ಲ," ಅಂದರು.

ನನ್ನ ಮಾತಿನ ಮೇಲೆ... ಫಸ್ಟ್ ಇಯರ್ ನಾನು.

ಅದೇ ದಿನ, ಮಧ್ಯಾಹ್ನ

ತುಕ್ಕಿನಲ್ಲಿ ಅಕ್ಷರವೇ ಕಾಣುತ್ತಿರಲಿಲ್ಲ. ವಿಭೂತಿ ಸವರಿ ಒರೆಸಿದೆ. ಕೆತ್ತಿದ ಗೆರೆಗಳಲ್ಲಿ ಬಿಳುಪು ನಿಂತಿತು. ನಳಿಗೆಯ ಮೇಲೆ ಲಂಡನ್ ಎಂದಿದೆ. ಹಿಡಿಕೆಯ ಹತ್ತಿರ 1316. ಬೇರೇನೂ ಬೇಕಿರಲಿಲ್ಲ. ಪಹಣಿ, ರಸೀದಿ, ಕೋರ್ಟು ಕಾಗದ — ಎಲ್ಲದರ ಮೇಲೂ ಸರ್ಕಾರದ ಫಸಲಿ ವರ್ಷವೇ ತಾನೆ. ಇಂಗ್ಲಿಷ್ ಇಸವಿ ಬರಲೆಂದು 590 ಕೂಡಿಸಿದೆ. 1906. ಇನ್ನೊಮ್ಮೆ ಕೂಡಿಸಿದೆ.

ಮುದುಕ ಸತ್ತ ಮೇಲೆ ತಯಾರಾದ ಗನ್ನು ಅವನ ಕೈಗೆ ಹೇಗೆ ಬಂತು?

ಕಾಕಾ ತಾವೂ ಬೆರಳೆಣಿಸಿ ನೋಡಿದರು. ಬೇಡವೆಂದು ಚಿತ್ತಾಪುರಕ್ಕೆ ಹೇಳಿಕಳಿಸಿದರು. ವಾಡಿಯ ಕಳುವಿನ ಮಾಲಿರಬಹುದು ಎಂದೂ ಹೇಳಿಕಳಿಸಿದರು. ಅದು ಬೇಕಿರಲಿಲ್ಲ.

11 ಅಕ್ಟೋಬರ್

ಅಮೀರ್ಬೀ ತಾನೇ ಬಂದಳು. ಕಾಕಾ ಎಷ್ಟು ಹೇಳಿದರೂ ಕಟ್ಟೆ ಹತ್ತಲಿಲ್ಲ. ಮಾತು ಶಹಾಬಾದ್ ಮುಟ್ಟಿದೆ. ಹುಡುಗನ ತಂದೆ ಖಾಸೀಂಸಾಬ, ಫರ್ಸಿ ಹಾಸುಗಲ್ಲಿನ ಖಣಿಯ ಮೇಸ್ತ್ರಿ, ಕಳುವಿನ ಮಾಲು ಇಟ್ಟವರ ಮನೆಯ ಹೆಣ್ಣು ಬೇಡ ಅಂದನಂತೆ.

ನನ್ನನ್ನು ಬಹಳ ಹೊತ್ತು ನೋಡಿದಳು. "ಈ ಹುಡುಗನೇನ್ರಿ ಹೇಳಿದ್ದು? ನಾ ಯಾರೋ ದೊಡ್ಡ ಸಾಹೇಬ ನೋಡ್ಯಾನ ಅಂತ ತಿಳ್ದಿದ್ದೆ."

ಬೈದಿದ್ದರೆ ಚೆನ್ನಾಗಿತ್ತು.

ಗನ್ನು ವಾಪಸ್ ಕೇಳಿದಳು. ಒಂದು ದಿನ ಇರಲಿ, ಇನ್ನೊಮ್ಮೆ ನೋಡುತ್ತೇನೆ ಅಂತ ನಾನೇ ಬೇಡಿಕೊಂಡೆ. ಏನು ನೋಡುತ್ತೇನೋ. ಊಟ ಸೇರಲಿಲ್ಲ.

12 ಅಕ್ಟೋಬರ್. ಬಿಸಿಲೇರಿದ ಮೇಲೆ

ಅಂಗಳಕ್ಕೆ ಒಯ್ದು ಇಡೀ ಗನ್ನಿಗೆ ವಿಭೂತಿ ಬಳಿದೆ. ಕಾಕಾನ ಹೆಂಡತಿ ಕಾಕು ನೋಡಿ, "ಅದಕ್ಕೂ ದೀಕ್ಷಾ ಕೊಡಾಕತ್ತೀಯೇನೊ?" ಅಂದು ಒಳಗೆ ಹೋದರು.

ಹಿಡಿಕೆಯ ಹತ್ತಿರ 1316. ನಳಿಗೆಯ ಕೆಳಗೆ — ಮತ್ತೆ 1316. ಗುಂಡು ತುಂಬುವ ಗಾಲಿಯ ಮೇಲೂ ಅದೇ. ಒಂದೇ ವರ್ಷವನ್ನು ಯಾರು ಇಷ್ಟು ಕಡೆ ಕೆತ್ತುತ್ತಾರೆ?

ಅಂಗಿ ಬಿಚ್ಚಿ ಕಾಲರ್ ನೋಡಿದೆ. 47. ಪಾಯಿಜಾಮದ ಪಟ್ಟಿಗೂ 47. ಇನ್ನೊಬ್ಬರ ಬಟ್ಟೆಯಲ್ಲಿ ಬೆರೆಯದಿರಲಿ ಅಂತ ಹಾಸ್ಟೆಲ್ ದೋಬಿ ಹಾಕಿದ ಗುರುತು. ನಂಬರು! ಬರೀ ನಂಬರು. ಈ ತುಂಡುಗಳು ಒಂದೇ ಗನ್ನಿನವು ಅಂತ. ಲಂಡನ್ನಿನಲ್ಲಿ ಕೂತು ಯಾವನು ಫಸಲಿ ಲೆಕ್ಕ ಹಾಕುತ್ತಾನೆ? ಈಡಿಯಟ್. ಕಾಕಾನೂ — ಅವರಿಗೆ ಹಾಗನ್ನಲಿಲ್ಲ.

ಹಾಗಾದರೆ ಕಾಲ ಯಾವುದು? ಗಾಲಿಯ ತೂತಿಗೆ ಮುಂದಿನಿಂದ ಪೆನ್ಸಿಲ್ ತೂರಿಸಿದೆ. ಒಳಗೇ ನಿಂತಿತು. ಹಿಂಬದಿ ಮುಚ್ಚಿದೆ, ಪ್ರತಿ ತೂತಿನ ಬೆನ್ನಿಗೂ ಒಂದು ಸಣ್ಣ ತೊಟ್ಟು. ವಾರ್ಡನ್ ಸಾಹೇಬರ ಗೋಡೆಯ ಮೇಲೆ ಇಂಥದೇ ತೂಗುಹಾಕಿದೆ. ಮುಂದಿನಿಂದ ಮದ್ದು, ಗುಂಡು ತುಂಬಿ, ತೊಟ್ಟಿಗೆ ಸಿಡಿಯುವ ಕೇಪು ಇಟ್ಟು ಹೊಡೆಯುವುದು. 1860ರ ಸುಮಾರಿನದು ಅನ್ನುತ್ತಿದ್ದರು. ಇದಕ್ಕೆ ತೋಟಾ ಹಿಡಿಸುವುದೇ ಇಲ್ಲ. ವಾಡಿಯದು ಇದಲ್ಲ. ಆಗುವುದಕ್ಕೇ ಸಾಧ್ಯವಿಲ್ಲ!

ಹೆದರಿಕೆಯಲ್ಲಿ ಎದುರಿಗಿದ್ದದ್ದು ಕಾಣಲಿಲ್ಲ.

ಕಾಕಾ ಪೆನ್ಸಿಲ್ ಇಸಿದುಕೊಂಡು ತಾವೂ ತೂರಿಸಿದರು. "ಚಿತ್ತಾಪುರಕ್ಕ ಹೋಗಿ ಆಕಿನ್ನ ಕರ್ಕೊಂಡು, ಸೀದಾ ಶಹಾಬಾದ್. ಹೇಳಾಂವ ನೀನ. ನಾ ಬಾಜೂಕ ನಿಂದಿರ್ತೀನಿ," ಅಂದರು.

ನಾಲ್ಕು ರೊಟ್ಟಿ ತಿಂದೆ.

14 ಅಕ್ಟೋಬರ್. ಶಹಾಬಾದ್ ಸ್ಟೇಷನ್, ಸಂಜೆ

ಈಗಲೇ ಬರೆಯಬೇಕು. ಗಾಡಿ ಲೇಟ್.

ಖಾಸೀಂಸಾಬನ ಅಂಗಳ. ಖಣಿಯ ಹಿರಿಯರೆಲ್ಲ ಫರ್ಸಿಯ ಮೇಲೆ ಕೂತಿದ್ದರು. ಅಮೀರ್ಬೀ ಬಾಗಿಲ ಹೊರಗೇ ನಿಂತಳು. ಒಳಗೆ ಕರೆದವರಿಲ್ಲ. ನಾನು ಮಾತಿಗೆ ನಿಂತೆ. ಮೊದಲು ಇಂಗ್ಲಿಷ್ ಬಂತು, ಆಮೇಲೆ ಕನ್ನಡ. ತಪ್ಪು ನನ್ನದು, ಈಕೆ ಹೇಳಿದ್ದೇ ಖರೆ ಅಂದೆ. ನಂಬರು ತೋರಿಸಿದೆ, ಅಂಗಿಯ ಕಾಲರನ್ನೂ ತಿರುವಿ ತೋರಿಸಿದೆ. ಯಾರೋ ನಕ್ಕರು. ಖಾಸೀಂಸಾಬ ನಗಲಿಲ್ಲ.

"ಓದ್ದವ್ರು ಆವತ್ತೊಂದು ಹೇಳ್ತೀರಿ, ಇವತ್ತೊಂದು. ನಾ ಯಾವುದು ನಂಬ್ಲಿ?"

"ನನ್ನ ನಂಬಬ್ಯಾಡ್ರಿ," ಅಂದೆ. "ಇದಕ್ಕ ತೋಟಾ ಹಿಡಸ್ತದೇನು, ನೀವೇ ನೋಡ್ರಿ." ಪೆನ್ಸಿಲ್ ಕೊಟ್ಟೆ.

ತೆಗೆದುಕೊಂಡ. ಒಂದು ತೂತು. ಇನ್ನೊಂದು. ಒಂದನ್ನೂ ಬಿಡಲಿಲ್ಲ, ಕಲ್ಲಿನ ಬಿರುಕು ನೋಡುವವನ ಹಾಗೆ ನಿಧಾನ. ಕಾಕಾನ ಕೈ ನನ್ನ ಬೆನ್ನ ಮೇಲಿತ್ತು. ಎಲ್ಲ ಮುಗಿಸಿ ಪೆನ್ಸಿಲನ್ನು ನನಗೆ ಕೊಟ್ಟ, ರಿವಾಲ್ವರನ್ನು ಕಾಕಾಗೆ. ಆಮೇಲೆ ಎದ್ದು ಬಾಗಿಲ ತನಕ ಹೋದ.

"ಬೀಗತ್ಯಾರ, ಹೊರಗ ಯಾಕ ನಿಂತೀರಿ? ಒಳಗ ಬರ್ರಿ."

ಅಮೀರ್ಬೀ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಬಂದಳು. ನನ್ನ ಮುಂದೆ ಹಾಯುವಾಗ ನಿಂತು, ತಲೆಯ ಮೇಲೆ ಕೈ ಇಟ್ಟು, ಮೆಲ್ಲಗೆ —

ಗಾಡಿ ಬಂತು. ಕಾಕಾ ಕರೆಯುತ್ತಿದ್ದಾರೆ, ಉಳಿದದ್ದು ಆಮೇಲೆ.